ಪಲ್ಲಾವರಂ ಗುಹೆಯ ಅಕ್ಷರಶೈಲಿ

ಚೆನ್ನೈ ದಕ್ಷಿಣಭಾಗದ ಪಲ್ಲಾವರಂನಲ್ಲಿ, ಪಲ್ಲವ ದೊರೆ ಒಂದನೆಯ ಮಹೇಂದ್ರವರ್ಮನ (ಆಳ್ವಿಕೆ ಸು. 600–630) ಕಾಲದ ಬಂಡೆಗುಹೆಯಲ್ಲಿ ಅವನ ಬಿರುದುಗಳನ್ನು ಕೆತ್ತಿರುವ ಪಲ್ಲವ ಗ್ರಂಥ ಲಿಪಿ. ಗುಹೆ ಈಗ ದರ್ಗಾ ಆಗಿದೆ.

ಇದು ಕಲ್ಲಿನ ಮೇಲಿನ ಕೈಬರಹ. ಪಲ್ಲವ ಲಿಪಿಯಲ್ಲಿ ಅಕ್ಷರದ ನೆತ್ತಿಗೆ ದಪ್ಪನೆಯ ತಲೆಕಟ್ಟು. ಕ, ರ ಅಕ್ಷರಗಳ ಉದ್ದನೆಯ ಕಾಲು ಕೆಳಗಿಳಿದು ಎಡಕ್ಕೆ ಬಾಗಿ ಮತ್ತೆ ಮೇಲೇರುತ್ತದೆ. ಉಳಿಗೆ ಸುಲಭವಾದದ್ದು ನೇರಗೆರೆ; ಈ ಬಳುಕು ಬರವಣಿಗೆಯ ಕೈಯದು. ವೆನಿಸ್ಸಿನ ಮುದ್ರಕ ಆಲ್ಡಸ್ ಮನುಷಿಯಸ್ 1501ರಲ್ಲಿ ವರ್ಜಿಲ್‌ನ ಕಾವ್ಯಗಳನ್ನು ಅಚ್ಚು ಹಾಕಿದ ಇಟಾಲಿಕ್ ಮೊಳೆಗಳಲ್ಲೂ ಲೇಖನಿಯ ಓಟವೇ ಲೋಹಕ್ಕಿಳಿದಿತ್ತು. ಪಲ್ಲವ ಅಕ್ಷರಗಳು ಹಾಗೆ ಬಲಕ್ಕೆ ವಾಲುವುದಿಲ್ಲ. ಆದರೆ ಇಟಾಲಿಕ್‌ನ ಜೀವ ವಾಲಿಕೆಗಿಂತ ಓಟದಲ್ಲಿದೆ ಎನ್ನುವುದಾದರೆ ಇವೆರಡೂ ನೆಂಟರೇ.

ಇಲ್ಲಿ ಲಿಪಿಯ ಬಳಕೆ ಮುಖ್ಯವಾಗಿ ಮೆರೆಸಲು: ಚಿಕ್ಕ ಪದ, ಎದ್ದು ಕಾಣುವ ಜಾಗ. ಈ ಒಲವು ಎಂಟನೆಯ ಶತಮಾನದ ಆರಂಭದ ಕಾಂಚಿ ಕೈಲಾಸನಾಥ ದೇಗುಲದಲ್ಲಿ ತುದಿ ಮುಟ್ಟಿತು. ಅಲ್ಲಿ ಪಲ್ಲವ ದೊರೆ ರಾಜಸಿಂಹನ ಬಿರುದುಗಳು ಬೇರೆ ಬೇರೆ ಲಿಪಿಶೈಲಿಗಳಲ್ಲಿ ಮರುಕಳಿಸುತ್ತವೆ, ಅವುಗಳಲ್ಲಿ ಒಂದು ಉತ್ತರದ್ದು. ಕನ್ನಡ ಲಿಪಿ ಕದಂಬ–ಚಾಲುಕ್ಯ ಕವಲಿನದು. ಆದರೂ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ 634ರ ಐಹೊಳೆ ಶಾಸನವನ್ನು ಪಲ್ಲಾವರಂ ಬರಹದ ಪಕ್ಕದಲ್ಲಿಟ್ಟು ನೋಡಿದರೆ ಒಂದೇ ಬೇರು ಸ್ಪಷ್ಟವಾಗುತ್ತದೆ. ಪುಲಕೇಶಿ ಮತ್ತು ಮಹೇಂದ್ರವರ್ಮ ರಣರಂಗದಲ್ಲಿ ವೈರಿಗಳಾಗಿದ್ದರು ಎಂಬುದನ್ನು ಅಕ್ಷರಗಳು ಹೇಳುವುದಿಲ್ಲ.

ಗ್ರಂಥ ಲಿಪಿಯಿಂದ ಬೆಳೆದ ತಿಗಳಾರಿಯಲ್ಲಿ ತುಳುನಾಡು, ಮಲೆನಾಡುಗಳ ಸಂಸ್ಕೃತ ಓಲೆಗರಿಗಳು ಬರೆಯಲ್ಪಟ್ಟವು. ಯುನಿಕೋಡ್‌ನಲ್ಲಿ ಗ್ರಂಥ 2014ರಲ್ಲಿ, ತುಳು–ತಿಗಳಾರಿ 2024ರಲ್ಲಿ ಸೇರಿದವು.