ಕಾವಿನ ಲೆಕ್ಕ: ಅಮ್ಮಿನಬಾವಿ ಪರಿಸರದಲ್ಲಿ ಕೋಳಿಮರಿಯ ಎಣಿಕೆ

ಕೋಳಿ ಸಾಕಣೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ತತ್ತಿ ಮತ್ತು ಮಾಂಸದ ಅಂಕಿಗಳಿಂದ ಆರಂಭಿಸುತ್ತಾರೆ. ಇವೆರಡಕ್ಕೂ ಮೊದಲು ಬರುವ ಮರಿಯ ಲೆಕ್ಕ ಅಲ್ಲಿ ಕಾಣುವುದು ಅಪರೂಪ. ಒಂದು ವಾರದಲ್ಲಿ ಎಷ್ಟು ತತ್ತಿಗಳನ್ನು ಕಾವಿಗೆ ಇಟ್ಟರು, ಅವುಗಳಲ್ಲಿ ಎಷ್ಟು ಮರಿಯಾದವು, ಆ ಮರಿಗಳು ಯಾರ ಮನೆಗೆ ಅಥವಾ ಯಾರ ಶೆಡ್ಡಿಗೆ ಹೋದವು ಎಂಬುದು ಆ ಲೆಕ್ಕ. ಹಳ್ಳಿಯ ಹೆಣ್ಣುಮಕ್ಕಳು ಇದನ್ನು ಬಾಯಿಲೆಕ್ಕದಲ್ಲಿ ಇಟ್ಟುಕೊಂಡಿದ್ದರು. ಹ್ಯಾಚರಿಗಳು ಇದನ್ನೇ ಪುಸ್ತಕದಲ್ಲಿ, ಗಣಕಯಂತ್ರದಲ್ಲಿ ಬರೆದಿಡುತ್ತವೆ. ಎಣಿಸುವ ರೀತಿ ಹೆಚ್ಚು ಬದಲಾಗಿಲ್ಲ. ಎಣಿಕೆ ಯಾರಿಗೆ ಕಾಣುತ್ತದೆ ಎಂಬುದು ಬದಲಾಗಿದೆ. ಧಾರವಾಡ ಸಮೀಪದ ಅಮ್ಮಿನಬಾವಿ ಪರಿಸರವನ್ನು ಮುಂದಿಟ್ಟುಕೊಂಡು ಈ ಬದಲಾವಣೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಧಾರವಾಡದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿ ಹತ್ತು-ಹನ್ನೆರಡು ಕಿಲೋಮೀಟರ್ ದೂರದಲ್ಲಿರುವ ಅಮ್ಮಿನಬಾವಿ ಎರೆಭೂಮಿಯ ದೊಡ್ಡ ಊರು. ಪ್ರಾಚೀನ ಬಸದಿ ಮತ್ತು ಹಿರೇಮಠಗಳಿಂದ ಅದು ವಿದ್ವಾಂಸರಿಗೆ ಪರಿಚಿತ; ಮಲಪ್ರಭೆಯ ನೀರನ್ನು ಶುದ್ಧೀಕರಿಸಿ ಹುಬ್ಬಳ್ಳಿ-ಧಾರವಾಡಕ್ಕೆ ಕಳುಹಿಸುವ ಘಟಕದಿಂದ ನಗರದವರಿಗೆ ಪರಿಚಿತ. ಇಂಥ ಊರುಗಳ ಶಾಸನಗಳು ಭೂಮಿ, ತೋಟ, ಗಾಣ, ಸುಂಕಗಳ ದಾನವನ್ನು ಹೇಳುತ್ತವೆ. ಕೋಳಿಯ ಲೆಕ್ಕವನ್ನು ಅಲ್ಲಿ ಹುಡುಕುವುದು ವ್ಯರ್ಥ. ಅದು ಹಿತ್ತಲಿನಲ್ಲಿ ಬೆಳೆದ, ಹೆಂಗಸರ ಕೈಯಲ್ಲಿದ್ದ ಸಣ್ಣ ಆಸ್ತಿ. ತನ್ನ ಹುಂಜ ಕೂಗಿದರೆ ಮಾತ್ರ ಬೆಳಗಾಗುತ್ತದೆಂದು ನಂಬಿ, ಊರವರ ಮೇಲಿನ ಸಿಟ್ಟಿನಿಂದ ಹುಂಜವನ್ನು ಬಗಲಿಗೆ ಹಾಕಿಕೊಂಡು ಊರು ಬಿಟ್ಟುಹೋದ ಮುದುಕಿಯ ಕಥೆ ಕನ್ನಡ ನಾಡಿನಲ್ಲೆಲ್ಲ ಪ್ರಚಲಿತವಾಗಿದೆ. ಆ ಕಥೆಯನ್ನು ಮುದುಕಿಯ ಅಹಂಕಾರದ ಕಥೆಯೆಂದು ಮಾತ್ರ ಓದುವುದು ರೂಢಿ. ಕೋಳಿಯ ಒಡೆತನ ಯಾರದೆಂಬ ವಿಷಯದಲ್ಲಿ ಅದು ಕೊಡುವ ಸಾಕ್ಷ್ಯವೂ ಗಮನಾರ್ಹ.

ಈ ಭಾಗದ ಜನ ತಮ್ಮ ಕೋಳಿಯನ್ನು ‘ಜವಾರಿ’ ಎನ್ನುತ್ತಾರೆ. ಜವಾರಿ ಹೇಂಟೆ ಒಂದು ಸರದಿಯಲ್ಲಿ ಹನ್ನೆರಡರಿಂದ ಹದಿನೈದು ತತ್ತಿ ಇಟ್ಟು ಕಾವಿಗೆ ಕೂಡುತ್ತದೆ. ವರ್ಷಕ್ಕೆ ಇಂಥ ಮೂರು-ನಾಲ್ಕು ಸರದಿಗಳಾದರೆ ಅದು ಒಳ್ಳೆಯ ಕೋಳಿ. ಕಾವಿಗೆ ಇಡುವ ತತ್ತಿಗಳಿಗೆ ಇದ್ದಿಲಿನಿಂದ ಗುರುತು ಹಾಕುವುದು, ಅವನ್ನು ಬೆಸ ಸಂಖ್ಯೆಯಲ್ಲಿ ಇಡುವುದು, ಕೆಲವು ದಿನಗಳ ನಂತರ ದೀಪದ ಬೆಳಕಿಗೆ ಹಿಡಿದು ಮರಿಯಾಗದ ತತ್ತಿಯನ್ನು ತೆಗೆಯುವುದು ಹಲವೆಡೆ ಕಂಡುಬರುವ ವಾಡಿಕೆಗಳು. ಇದ್ದಿಲಿನ ಗುರುತಿಗೆ ಕಾರಣ ಸರಳವಾದುದು. ಕಾವಿಗೆ ಕೂಡಿದ ಕೋಳಿಯ ಬುಟ್ಟಿಗೆ ಬೇರೊಂದು ಹೇಂಟೆ ಬಂದು ತತ್ತಿ ಇಟ್ಟರೆ ದಿನದ ಲೆಕ್ಕ ತಪ್ಪುತ್ತದೆ.

ದಿನದ ಲೆಕ್ಕವೇ ಇಲ್ಲಿ ಮುಖ್ಯ. ಕೋಳಿಯ ತತ್ತಿ ಮರಿಯಾಗುವುದು 21 ದಿನಗಳಿಗೆ, ಅಂದರೆ ಸರಿಯಾಗಿ ಮೂರು ವಾರಗಳಿಗೆ. ಆದುದರಿಂದ ಪಂಚಾಂಗವಾಗಲಿ ಓದುಬರಹವಾಗಲಿ ಬೇಕಾಗುವುದಿಲ್ಲ. ಸಂತೆಯ ದಿನ ಕೂಡಿಸಿದ ಕೋಳಿ ಮೂರನೆಯ ಸಂತೆಯ ಹೊತ್ತಿಗೆ ಮರಿ ಮಾಡುತ್ತದೆ. ಯಾರ ಮನೆಯ ಕೋಳಿ ಯಾವ ಸಂತೆಗೆ ಕೂತಿದೆ ಎಂಬುದು ಓಣಿಗೆಲ್ಲ ಗೊತ್ತಿರುತ್ತಿತ್ತು. ಕೋಳಿ ಇಲ್ಲದವರು ಮರಿಯನ್ನು ಮೊದಲೇ ಹೇಳಿಡುತ್ತಿದ್ದರು. ಬಡವರ ಮನೆಗೆ ಹೇಂಟೆಯನ್ನು ಪಾಲಿಗೆ ಕೊಟ್ಟು, ಆದ ಮರಿಗಳನ್ನು ಹಂಚಿಕೊಳ್ಳುವ ಪದ್ಧತಿಯೂ ಇತ್ತು. ದೇವರ ಹೆಸರಿನಲ್ಲಿ ಬಿಟ್ಟ ಹುಂಜದ ಲೆಕ್ಕ ಬೇರೆ. ಪಾಲಿನ ಮರಿಗಳಲ್ಲಿ ಹದ್ದಿಗೆ ಹೋದದ್ದೆಷ್ಟು, ಬೆಕ್ಕಿಗೆ ಹೋದದ್ದೆಷ್ಟು ಎಂಬುದು ಜಗಳಕ್ಕೆ ಕಾರಣವಾಗುತ್ತಿದ್ದರೂ ಆ ಜಗಳ ನಡೆಯುತ್ತಿದ್ದುದು ಎಲ್ಲರ ಎದುರಿನಲ್ಲಿ.

ಕೋಳಿಯನ್ನು ಬಿಟ್ಟು ಕಾವು ಕೊಡುವ ವಿದ್ಯೆ ಹೊಸದಲ್ಲ. ಈಜಿಪ್ಟಿನಲ್ಲಿ ಪ್ರಾಚೀನ ಕಾಲದಿಂದಲೂ ಒಲೆಗಳಲ್ಲಿ ಸಾವಿರಾರು ತತ್ತಿಗಳನ್ನು ಒಮ್ಮೆಗೇ ಮರಿ ಮಾಡಿಸುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ರೋಮ್ಯೂರ್ ಈ ವಿದ್ಯೆಯನ್ನು ಕುರಿತು 1749ರಲ್ಲಿ ಗ್ರಂಥವನ್ನೇ ಪ್ರಕಟಿಸಿದ. ಇಂದಿನ ಹ್ಯಾಚರಿಯಲ್ಲಿ ತತ್ತಿಗಳು ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಯಂತ್ರದಲ್ಲಿ 18 ದಿನ, ಆಮೇಲೆ ಇನ್ನೊಂದು ಯಂತ್ರದಲ್ಲಿ 3 ದಿನ ಇರುತ್ತವೆ. ಹೇಂಟೆ ಕೊಕ್ಕಿನಿಂದ ತತ್ತಿಯನ್ನು ಹೊರಳಿಸುವ ಕೆಲಸವನ್ನು ಯಂತ್ರದ ತಟ್ಟೆಗಳು ಮಾಡುತ್ತವೆ. ಮರಿಯ ಹೊಟ್ಟೆಯೊಳಗೆ ಸೇರಿಕೊಂಡ ತತ್ತಿಯ ಹಳದಿ ಎರಡು-ಮೂರು ದಿನ ಅದನ್ನು ಬದುಕಿಸುತ್ತದೆ. ಒಂದು ದಿನದ ಮರಿಯ ವ್ಯಾಪಾರ ನಿಂತಿರುವುದು ಈ ಹಳದಿಯ ಮೇಲೆ. ಎಲ್ಲೋ ಹುಟ್ಟಿದ ಮರಿ ನೂರಾರು ಮೈಲಿ ಬಂದು ಧಾರವಾಡದ ಹಳ್ಳಿಯ ಶೆಡ್ಡಿನಲ್ಲಿ ಮೊದಲ ಗುಟುಕು ನೀರು ಕುಡಿಯುವುದು ಇದರಿಂದ ಸಾಧ್ಯವಾಯಿತು.

ಕರ್ನಾಟಕದಲ್ಲಿ ಈ ಬದಲಾವಣೆಯ ಸರ್ಕಾರಿ ಮುಖ ಹೆಸರಘಟ್ಟದ ಕೇಂದ್ರೀಯ ಕೋಳಿ ಸಾಕಣೆ ಸಂಸ್ಥೆ ಮತ್ತು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು. ಖಾಸಗಿ ಮುಖ 1971ರಲ್ಲಿ ಬಿ.ವಿ. ರಾವ್ ಅವರು ಆರಂಭಿಸಿದ ವೆಂಕಟೇಶ್ವರ ಹ್ಯಾಚರೀಸ್ ಮತ್ತು ಅನಂತರ ಬಂದ ಇತರ ಕಂಪನಿಗಳು. ಹೆಬ್ಬಾಳದಲ್ಲಿ ರೂಪುಗೊಂಡು 1989ರಲ್ಲಿ ಬಿಡುಗಡೆಯಾದ ಗಿರಿರಾಜ ತಳಿ ಹಿತ್ತಲ ಸಾಕಣೆಗೆಂದೇ ಬಂದುದು. ಮೈತೂಕದಲ್ಲೂ ತತ್ತಿಯಲ್ಲೂ ಅದು ಜವಾರಿಯನ್ನು ಮೀರಿಸಿತು; ಆದರೆ ಕಾವಿಗೆ ಕೂಡುವ ಗುಣ ಅದರಲ್ಲಿ ಉಳಿಯಲಿಲ್ಲ. ತಳಿಶಾಸ್ತ್ರದ ದೃಷ್ಟಿಯಿಂದ ಇದು ದೋಷವಲ್ಲ, ಏಕೆಂದರೆ ಕಾವಿಗೆ ಕೂತ ಕೋಳಿ ತತ್ತಿ ಇಡುವುದಿಲ್ಲ. ಸಾಕುವ ಹೆಣ್ಣುಮಗಳ ದೃಷ್ಟಿಯಿಂದ ಅರ್ಥ ಬೇರೆ. ಮುಂದಿನ ಮರಿಗಾಗಿ ಅವಳು ಮತ್ತೆ ಕೇಂದ್ರಕ್ಕೆ ಹೋಗಬೇಕು, ಇಲ್ಲವೆ ಗಿರಿರಾಜದ ತತ್ತಿಯನ್ನು ಜವಾರಿ ಹೇಂಟೆಯ ಕೆಳಗೆ ಇಡಬೇಕು.

ಕಂಪನಿಯ ಕರಾರಿನ ಸಾಕಣೆಯಲ್ಲಿ ಮರಿ, ಆಹಾರ, ಔಷಧ ಕಂಪನಿಯವು. ಶೆಡ್ಡು, ವಿದ್ಯುತ್ತು, ದುಡಿಮೆ ರೈತನವು. ಮಾರುವ ಹೊತ್ತಿಗೆ ತೂಕದ ಮೇಲೆ ಸಾಕಣೆ ಕೂಲಿ ದೊರೆಯುತ್ತದೆ. ರೂಪದಲ್ಲಿ ಇದು ಹಳೆಯ ಪಾಲಿನ ಪದ್ಧತಿಯನ್ನು ಹೋಲುತ್ತದೆಯಾದರೂ ಪಾಲಿಗೆ ಸಾಕಿದವಳಿಗೆ ಮರಿ ಉಳಿಯುತ್ತಿತ್ತು, ಇಲ್ಲಿ ಉಳಿಯುವುದು ಕೂಲಿ. ಹಳೆಯದರ ಒಂದು ಕುರುಹು ಮಾತ್ರ ವಿನೋದವೆನಿಸುವಂತೆ ಮುಂದುವರಿದಿದೆ. ನೂರು ಮರಿಯ ಪೆಟ್ಟಿಗೆಯಲ್ಲಿ ದಾರಿಯಲ್ಲಿ ಸಾಯಬಹುದಾದವುಗಳ ಬದಲಿಗೆಂದು ಎರಡು ಮರಿ ಹೆಚ್ಚಿಗೆ ಇಡುವ ವಾಡಿಕೆ ಈ ವ್ಯಾಪಾರದಲ್ಲಿದೆ. ಸಂತೆಯಲ್ಲಿ ಕಾಯಿಪಲ್ಲೆಯವಳು ಕೊಡುವ ಕೊಸರು ಇದೇ ಅಲ್ಲವೆ?

ಈಗ ಎಣಿಕೆಯ ಪ್ರಶ್ನೆಗೆ ಮರಳಬಹುದು. ಅಮೆರಿಕದ ಕೃಷಿ ಇಲಾಖೆ ಹ್ಯಾಚರಿಗಳು ಕಾವಿಗೆ ಇಟ್ಟ ತತ್ತಿಗಳ ಮತ್ತು ಶೆಡ್ಡುಗಳಿಗೆ ಬಿಟ್ಟ ಮಾಂಸದ ಕೋಳಿಮರಿಗಳ ಸಂಖ್ಯೆಯನ್ನು ವಾರವಾರವೂ ಪ್ರಕಟಿಸುತ್ತದೆ. ಈ ವಾರ ಇಟ್ಟ ತತ್ತಿಯಿಂದ ಮೂರು ವಾರಗಳ ಮುಂದಿನ ಮರಿಯನ್ನೂ, ಮರಿಯಿಂದ ಆರೇಳು ವಾರಗಳ ಮುಂದಿನ ಮಾಂಸವನ್ನೂ ಯಾರು ಬೇಕಾದರೂ ಊಹಿಸಬಹುದು. ಸಂತೆಯಿಂದ ಸಂತೆಗೆ ಎಣಿಸಿದ ಲೆಕ್ಕಕ್ಕೂ ಇದಕ್ಕೂ ತತ್ವದಲ್ಲಿ ಭೇದವಿಲ್ಲ. ಭಾರತದಲ್ಲಿ 1919-20ರಿಂದ ಜಾನುವಾರು ಗಣತಿ ನಡೆಯುತ್ತ ಬಂದಿದೆ. ತತ್ತಿ ಮತ್ತು ಮಾಂಸದ ಉತ್ಪಾದನೆಗೆ ವಾರ್ಷಿಕ ಮಾದರಿ ಸಮೀಕ್ಷೆಯಿದೆ. 1982ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯ ದೆಸೆಯಿಂದ ತತ್ತಿಯ ದರ ದಿನವೂ ಪ್ರಕಟವಾಗುತ್ತದೆ. ಬಿಟ್ಟ ಮರಿಯ ವಾರದ ಲೆಕ್ಕವನ್ನು ಮಾತ್ರ ಸರ್ಕಾರ ಪ್ರಕಟಿಸುವುದಿಲ್ಲ. ಅದು ಕಂಪನಿಗಳ ಪುಸ್ತಕದಲ್ಲಿ ಉಳಿಯುತ್ತದೆ. ತನ್ನ ಶೆಡ್ಡಿಗೆ ಬಂದ ಪೆಟ್ಟಿಗೆಗಳಷ್ಟೇ ರೈತನ ಅರಿವಿಗೆ ಬರುವುದು.

ಈ ಅಂಕಿಯ ಅಭಾವ ಕೇವಲ ಸಂಶೋಧಕರ ಕೊರತೆಯಲ್ಲ. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿದಾಗ ರೋಗವಿಲ್ಲದ ಪ್ರದೇಶಗಳಲ್ಲಿಯೂ ಬೇಡಿಕೆ ಕುಸಿಯಿತು. 2012ರ ಅಕ್ಟೋಬರಿನಲ್ಲಿ ರೋಗ ಹೆಸರಘಟ್ಟದ ಕೇಂದ್ರಕ್ಕೇ ಬಂದಿತು. 2020ರ ಮಾರ್ಚಿನಲ್ಲಿ, ಕೋಳಿಯಿಂದ ಕೊರೋನಾ ಹರಡುತ್ತದೆಂಬ ಸುಳ್ಳು ಸುದ್ದಿಯ ಹೊಡೆತಕ್ಕೆ, ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ರೈತರೊಬ್ಬರು ಸಾವಿರಾರು ಜೀವಂತ ಕೋಳಿಗಳನ್ನು ಗುಂಡಿ ತೋಡಿ ಮುಚ್ಚಿದರು. ವದಂತಿ ಹಬ್ಬುವ ಮೊದಲೇ ಬಿಟ್ಟ ಮರಿಗಳು ಅವು. ಶೆಡ್ಡಿಗೆ ಬಿಟ್ಟ ಮರಿಯನ್ನು ಹಿಂದಕ್ಕೆ ಕಳುಹಿಸುವ ದಾರಿಯಿಲ್ಲ, ಮಾರುಕಟ್ಟೆ ನಿಂತಿತೆಂದು ಅದು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ನಾಡಿನಲ್ಲಿ ಒಟ್ಟು ಎಷ್ಟು ಮರಿ ಶೆಡ್ಡುಗಳಲ್ಲಿದೆ ಎಂದು ತಿಳಿದಿದ್ದರೆ ಸುಳ್ಳು ಸುದ್ದಿ ನಿಲ್ಲುತ್ತಿರಲಿಲ್ಲ ನಿಜ. ನಷ್ಟ ಎಷ್ಟು ದೊಡ್ಡದೆಂಬುದನ್ನಾದರೂ ರೈತರು ತಮ್ಮ ಮಾತಿನಲ್ಲಿ, ತಮ್ಮ ಅಂಕಿಯಲ್ಲಿ ಹೇಳಬಹುದಿತ್ತು.

2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ದೇಶದ 85.18 ಕೋಟಿ ಕೋಳಿ ಮತ್ತಿತರ ಸಾಕುಹಕ್ಕಿಗಳಲ್ಲಿ 31.7 ಕೋಟಿ ಹಿತ್ತಲಿನವು. 2012ಕ್ಕೆ ಹೋಲಿಸಿದರೆ ಹಿತ್ತಲ ಹಕ್ಕಿಗಳು ಶೇಕಡಾ 45ಕ್ಕಿಂತ ಹೆಚ್ಚು ಬೆಳೆದಿದ್ದರೆ ವಾಣಿಜ್ಯ ಸಾಕಣೆಯವು ಶೇಕಡಾ 4.5ರಷ್ಟು ಮಾತ್ರ ಬೆಳೆದಿವೆ. ಹಿತ್ತಲಿನ ಈ ಹಕ್ಕಿಗಳಲ್ಲಿ ಎಷ್ಟು ಹೇಂಟೆಯ ಕಾವಿನಲ್ಲಿ ಹುಟ್ಟಿದವು, ಎಷ್ಟು ಹ್ಯಾಚರಿಯ ಪೆಟ್ಟಿಗೆಯಲ್ಲಿ ಬಂದವು ಎಂಬುದನ್ನು ಗಣತಿಯ ಈ ಮೊತ್ತ ಹೇಳುವುದಿಲ್ಲ. ಅಮ್ಮಿನಬಾವಿಯಂಥ ಊರಿನಲ್ಲಿ ಅದನ್ನು ಕೇಳಿ ಬರೆದುಕೊಳ್ಳಬೇಕಾದುದು ಕೋಳಿ ಕೂಡಿಸಿದ ಸಂತೆಯ ದಿನವನ್ನು ನೆನಪಿಟ್ಟಿರುವ ಹೆಣ್ಣುಮಕ್ಕಳಿಂದ.