ನ್ಯಾನೊ ಪಠ್ಯ ಸಂಪಾದಕದ ಬಳಕೆ: ಹೊಸ ಬಳಕೆದಾರರಿಗೆ ಮಾಹಿತಿ

ಲಿನಕ್ಸ್ ಗಣಕಯಂತ್ರಗಳಲ್ಲಿ ಟರ್ಮಿನಲ್ ಪರದೆಯೊಳಗೆ, ಕೀಲಿಮಣೆಯೊಂದರಿಂದಲೇ ಕಡತಗಳನ್ನು ಬರೆಯಲು ಹಾಗೂ ತಿದ್ದಲು ನ್ಯಾನೊ ಎಂಬ ತಂತ್ರಾಂಶವು ಉಪಯುಕ್ತವಾಗಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೈನ್ ಇ-ಮೇಲ್ ತಂತ್ರಾಂಶದೊಡನೆ ಬರುತ್ತಿದ್ದ ಪಿಕೊ ಸಂಪಾದಕಕ್ಕೆ ಆಗ ಮುಕ್ತ ಪರವಾನಗಿ ಇರಲಿಲ್ಲವಾದ ಕಾರಣ, ಅದಕ್ಕೆ ಬದಲಿಯಾಗಿ ಕ್ರಿಸ್ ಅಲೆಗ್ರೆಟ್ಟಾ ಅವರು 1999ರಲ್ಲಿ ಇದನ್ನು ಸಿದ್ಧಪಡಿಸಿದರು. 2001ರಲ್ಲಿ ಇದು ಗ್ನು ಯೋಜನೆಗೆ ಸೇರ್ಪಡೆಯಾಯಿತು. ಬಳಕೆಗೆ ಯಾವುದೇ ಶುಲ್ಕವಿರುವುದಿಲ್ಲ.

ಕಡತವನ್ನು ತೆರೆಯುವುದು

ಟರ್ಮಿನಲ್‌ನಲ್ಲಿ ನ್ಯಾನೊ ಎಂಬ ಹೆಸರನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬೆರಳಚ್ಚಿಸಿ, ಸ್ವಲ್ಪ ಜಾಗ ಬಿಟ್ಟು, ಕಡತದ ಹೆಸರನ್ನು ನೀಡಿ ಎಂಟರ್ ಕೀಲಿಯನ್ನು ಒತ್ತತಕ್ಕದ್ದು. ಆ ಹೆಸರಿನ ಕಡತವು ಇಲ್ಲದಿದ್ದಲ್ಲಿ ಖಾಲಿ ಪುಟ ಕಾಣಿಸುತ್ತದೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಇದೇ ಸಂಭವಿಸುವುದರಿಂದ, ಹಳೆಯ ಬರಹ ಅಳಿಸಿಹೋಯಿತೆಂದು ಗಾಬರಿಗೊಳ್ಳುವ ಮುನ್ನ ಹೆಸರನ್ನು ಪರಿಶೀಲಿಸುವುದು ಸೂಕ್ತ.

ಪರದೆಯ ಕೆಳಭಾಗದ ಎರಡು ಸಾಲುಗಳಲ್ಲಿ ಮುಖ್ಯ ಕೀಲಿಗಳ ಪಟ್ಟಿ ಇರುತ್ತದೆ. ಅಲ್ಲಿನ ^ ಚಿಹ್ನೆಯು ಕಂಟ್ರೋಲ್ ಕೀಲಿಯನ್ನು ಸೂಚಿಸುತ್ತದೆ. ಕಂಟ್ರೋಲ್ ಮತ್ತು ಕೆ ಒತ್ತಿದರೆ ಇಡೀ ಸಾಲು ಕತ್ತರಿಸಲ್ಪಡುತ್ತದೆ. ಕಂಟ್ರೋಲ್ ಮತ್ತು ಯು ಒತ್ತಿದರೆ ಅದು ಮರಳಿ ಅಂಟುತ್ತದೆ. ಪದವನ್ನು ಹುಡುಕಲು ಕಂಟ್ರೋಲ್ ಮತ್ತು ಡಬ್ಲ್ಯೂ, ಸಹಾಯಕ್ಕೆ ಕಂಟ್ರೋಲ್ ಮತ್ತು ಜಿ. ಇವಿಷ್ಟರಿಂದಲೇ ದೈನಂದಿನ ಕೆಲಸ ಸಾಗುತ್ತದೆ.

ಉಳಿಸುವುದು ಹಾಗೂ ಹೊರಬರುವುದು

ಹೊಸಬರು ಬರಹವನ್ನು ಕಳೆದುಕೊಳ್ಳುವುದು ಸಾಮಾನ್ಯವಾಗಿ ಈ ಹಂತದಲ್ಲಿಯೇ ಆದ್ದರಿಂದ ವಿಶೇಷ ಗಮನ ಅಗತ್ಯ. ಕಂಟ್ರೋಲ್ ಮತ್ತು ಓ ಒತ್ತಿದ ಮಾತ್ರಕ್ಕೆ ಕಡತ ಉಳಿಯುವುದಿಲ್ಲ. ಕೆಳಗೆ ಕಡತದ ಹೆಸರು ತೋರುತ್ತದೆ. ಅದನ್ನು ಓದಿ ಎಂಟರ್ ಒತ್ತಿದ ನಂತರ, ಇಷ್ಟು ಸಾಲು ಬರೆಯಲಾಗಿದೆ ಎಂಬ ಸಂದೇಶ ಬಂದಾಗಲಷ್ಟೇ ಕೆಲಸ ಪೂರ್ಣ. ಸಹಿಯಾಗದ ಕಡತ ಮೇಜಿನ ಮೇಲಿದ್ದಂತೆಯೇ ಇದೂ ಸಹ.

ಹೊರಬರಲು ಕಂಟ್ರೋಲ್ ಮತ್ತು ಎಕ್ಸ್ ಒತ್ತಬೇಕು. ಬದಲಾವಣೆಗಳು ಉಳಿಸದೆ ಇದ್ದಲ್ಲಿ, ಉಳಿಸಬೇಕೇ ಎಂದು ಕೇಳಲಾಗುತ್ತದೆ. ವೈ ಎಂದರೆ ಹೌದು, ಕಂಟ್ರೋಲ್ ಮತ್ತು ಸಿ ಎಂದರೆ ಬರಹಕ್ಕೆ ಹಿಂತಿರುಗುವುದು. ಎನ್ ಒತ್ತಿದಲ್ಲಿ ಮತ್ತೊಮ್ಮೆ ಕೇಳದೆಯೇ ಬದಲಾವಣೆಗಳೆಲ್ಲವೂ ತ್ಯಜಿಸಲ್ಪಡುತ್ತವೆ. ಕೀಲಿಮಣೆಯು ಕನ್ನಡ ವಿನ್ಯಾಸದಲ್ಲಿದ್ದರೆ ಇಂಗ್ಲಿಷಿಗೆ ಬದಲಾಯಿಸಿಕೊಂಡು ಉತ್ತರಿಸುವುದು.

ವ್ಯವಸ್ಥೆಗೆ ಸೇರಿದ ಕಡತಗಳನ್ನು ಉಳಿಸಲು ಹೋದಾಗ ಅನುಮತಿ ಇಲ್ಲವೆಂಬ ಸಂದೇಶ ಬರಬಹುದು. ಆಗ ಹೊರನಡೆಯದೆ, ಕಂಟ್ರೋಲ್ ಮತ್ತು ಓ ಒತ್ತಿ, ತಮ್ಮ ಸ್ವಂತ ಕೋಶದಲ್ಲಿ ಬೇರೆ ಹೆಸರಿನಿಂದ ಉಳಿಸಿಕೊಂಡಲ್ಲಿ ಶ್ರಮ ವ್ಯರ್ಥವಾಗದು. ದೂರದ ಗಣಕಯಂತ್ರದೊಡನೆ ಸಂಪರ್ಕ ಕಡಿತಗೊಂಡರೆ, ನ್ಯಾನೊ ತಾನಾಗಿಯೇ ಕಡತದ ಹೆಸರಿನ ಕೊನೆಗೆ ಚುಕ್ಕಿ ಹಾಗೂ 'ಸೇವ್' ಎಂಬ ಪದವನ್ನು ಸೇರಿಸಿ ಪ್ರತಿಯೊಂದನ್ನು ಉಳಿಸಲು ಯತ್ನಿಸುತ್ತದೆ. ಮರುದಿನ ಹೊಸದಾಗಿ ಬೆರಳಚ್ಚಿಸಲು ಕುಳಿತುಕೊಳ್ಳುವ ಮೊದಲು ಅದನ್ನು ಹುಡುಕತಕ್ಕದ್ದು. ಆದರೆ ಗಣಕಯಂತ್ರಕ್ಕೇ ವಿದ್ಯುತ್ ನಿಂತುಹೋದಲ್ಲಿ ಈ ರಕ್ಷಣೆ ದೊರೆಯುವುದಿಲ್ಲ.

ಕನ್ನಡ ಕಡತಗಳು

ನ್ಯಾನೊದಲ್ಲಿ ಯೂನಿಕೋಡ್ ಕನ್ನಡವನ್ನು ಬರೆಯಬಹುದಾಗಿದೆ. ಆದರೆ ಹಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಇದು ಪರದೆಯ ದೋಷವೇ ಹೊರತು ಕಡತದ್ದಲ್ಲ, ತಿದ್ದಲು ಹೋಗಬಾರದು. ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಪಠ್ಯವು ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೋರುತ್ತದೆ. ಅಂತಹ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಂಡು, ಮೂಲ ಪ್ರತಿಯನ್ನು ಪ್ರತ್ಯೇಕವಾಗಿ ಇರಿಸಿಕೊಂಡ ನಂತರವೇ ನ್ಯಾನೊದಲ್ಲಿ ತೆರೆಯತಕ್ಕದ್ದು.