ಹಂದಿಯ ಮೇವಿನಲ್ಲಿ ಮರದ ಸೊಪ್ಪು

ಶೇಂಗಾ ಹಿಂಡಿ, ಸೋಯಾ ಹಿಂಡಿ, ಮೀನಿನ ಪುಡಿಗಳ ಒಂದು ಪಾಲನ್ನು ಕಡಿಮೆ ಮಾಡಿ, ಆ ಜಾಗಕ್ಕೆ ಮರದ ಎಲೆಯನ್ನು ಪ್ರೊಟೀನಿಗಾಗಿ ಹಂದಿಗೆ ಉಣಿಸುವ ಪದ್ಧತಿ. ಸೂಬಾಬುಲ್, ಅಗಸೆ, ನುಗ್ಗೆ, ಹಿಪ್ಪುನೇರಳೆ, ಗೊಬ್ಬರದ ಗಿಡವೆಂದು ಕರೆಸಿಕೊಳ್ಳುವ ಗ್ಲಿರಿಸಿಡಿಯಾ ಇದಕ್ಕೆ ಬಳಕೆಯಾಗಿವೆ.

ಕರ್ನಾಟಕದಲ್ಲಿ ಹಂದಿಜೋಗಿ, ಕೊರಮ ಮುಂತಾದ ಸಮುದಾಯಗಳು ತಲೆಮಾರುಗಳಿಂದ ಹಂದಿ ಸಾಕುತ್ತ ಬಂದಿವೆ. ಕೊಡಗಿನ ಮನೆಗಳಲ್ಲೂ ಸಾಕಣೆ ಹಳೆಯದು. ಕಲಗಚ್ಚು, ತೌಡು, ತಾನೇ ಅಗೆದು ತಿಂದ ಗಡ್ಡೆಗಳಲ್ಲಿ ಹಂದಿಯ ಹೊಟ್ಟೆ ತುಂಬುತ್ತಿದ್ದಾಗ ಪ್ರೊಟೀನಿನ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಲಾರ್ಜ್ ವೈಟ್ ಯಾರ್ಕ್‌ಷೈರ್‌ನಂಥ ತಳಿಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ ಬೆಳೆಸತೊಡಗಿದ ಮೇಲೆ ಅದು ಬೇಕಾಯಿತು. ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸವಳಂಗದಂಥ ಕಡೆ ಈ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ. ಜಿಲ್ಲೆಯಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ. ಆದರೆ ಅದರಲ್ಲಿರುವ ಪ್ರೊಟೀನು ಶೇ. 9ರ ಆಸುಪಾಸು, ಲೈಸಿನ್ ಎಂಬ ಅಮೈನೊ ಆಮ್ಲವಂತೂ ತೀರಾ ಕಮ್ಮಿ. ಬೆಳೆಯುವ ಹಂದಿಗೆ ಬೇಕಾದದ್ದು ಶೇ. 16ರಿಂದ 18. ಉಳಿದದ್ದನ್ನು ಹಿಂಡಿಯ ರೂಪದಲ್ಲಿ ದುಡ್ಡು ಕೊಟ್ಟೇ ತರಬೇಕು.

ಒಣಗಿದ ಸೂಬಾಬುಲ್ ಎಲೆಯಲ್ಲಿ ಶೇ. 20ರಿಂದ 25ರಷ್ಟು ಪ್ರೊಟೀನು ಇದೆ. ಮೆಕ್ಸಿಕೊ ಸೀಮೆಯ ಈ ಮರದ ಹವಾಯಿ ತಳಿಗಳನ್ನು 1970ರ ದಶಕದಲ್ಲಿ ಪುಣೆ ಬಳಿಯ ಉರುಳಿಕಾಂಚನದ ಬೈಫ್ ಸಂಸ್ಥೆ ಭಾರತದಲ್ಲಿ ಹಬ್ಬಿಸಿತು. ಸಂಸ್ಥೆಯ ಗಮನವೆಲ್ಲ ಹಸುಗಳ ಮೇಲಿತ್ತು. ಹಂದಿಯ ಪಾಲಿಗೆ ಇದೇ ಎಲೆ ಕಂಟಕವೂ ಹೌದು: ಇದರಲ್ಲಿರುವ ಮಿಮೊಸಿನ್ ಎಂಬ ವಿಷದಿಂದ ಕೂದಲು ಉದುರುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಗಬ್ಬದ ಹಂದಿಗಳಿಗೆ ಸೂಬಾಬುಲ್ ಉಣಿಸಿದರೆ ಭ್ರೂಣಗಳು ಗರ್ಭದಲ್ಲೇ ಕರಗುತ್ತವೆ ಎಂದು 1970ರಲ್ಲಿ ಹವಾಯಿಯ ಸಂಶೋಧಕರು ವರದಿ ಮಾಡಿದರು. ಮೆಲುಕು ಹಾಕುವ ಪ್ರಾಣಿಗಳಿಗೆ ಪರಿಹಾರ ಅಲ್ಲಿಯೇ ಸಿಕ್ಕಿತು. ಈ ವಿಷವನ್ನು ಅರಗಿಸುವ ಬ್ಯಾಕ್ಟೀರಿಯಾ ಹವಾಯಿಯ ಆಡುಗಳ ಹೊಟ್ಟೆಯಲ್ಲಿದ್ದುದನ್ನು ಆಸ್ಟ್ರೇಲಿಯದ ರೇಮಂಡ್ ಜೋನ್ಸ್ ಗುರುತಿಸಿದರು. ಒಂದೇ ಕೋಣೆಯ ಹೊಟ್ಟೆಯ ಹಂದಿಗೆ ಆ ದಾರಿ ಇಲ್ಲ. ಎಲೆಯನ್ನು ನೀರಲ್ಲಿ ನೆನೆಸುವುದು, ಬಿಸಿಯಲ್ಲಿ ಒಣಗಿಸುವುದು, ಮೇವಿಗೆ ಫೆರಸ್ ಸಲ್ಫೇಟ್ ಬೆರೆಸುವುದು ವಿಷದ ಕಾಟವನ್ನು ತಗ್ಗಿಸುತ್ತವೆ, ಪೂರ್ತಿ ನಿವಾರಿಸುವುದಿಲ್ಲ.

ವಿಷವಿಲ್ಲದ ಎಲೆಗಳ ಹುಡುಕಾಟ ಹೆಚ್ಚು ಫಲ ಕೊಟ್ಟದ್ದು ಕೊಲಂಬಿಯದಲ್ಲಿ. ಸಂಶೋಧಕ ಟಿ. ಆರ್. ಪ್ರೆಸ್ಟನ್ ಮತ್ತು ಅಲ್ಲಿನ ಸಿಪಾವ್ ಸಂಸ್ಥೆಯವರು ಕಬ್ಬಿನ ಹಾಲಿನ ಜೊತೆ ಟ್ರೈಕ್ಯಾಂಥೆರಾ ಮರದ ಸೊಪ್ಪನ್ನು ಹಂದಿಗಳಿಗೆ ಕೊಟ್ಟು ನೋಡಿದರು. ಗಬ್ಬದ ಹಂದಿಗಳು ಸೋಯಾದ ಒಂದು ಪಾಲಿನ ಬದಲು ಸೊಪ್ಪನ್ನು ತಿಂದು ತಡೆದುಕೊಂಡವು. ಬೆಳೆಯುವ ಹಂದಿಗಳಲ್ಲಿ ಸೊಪ್ಪು ಹೆಚ್ಚಿದಷ್ಟೂ ತೂಕದ ಏರಿಕೆ ಇಳಿಯಿತು. ಮುಂದೆ ಈ ಮರ ವಿಯೆಟ್ನಾಂಗೂ ಹೋಯಿತು.

ಎಲೆಪುಡಿ ಮಾಡುವುದು ಕಷ್ಟದ ಕೆಲಸವೇನಲ್ಲ. ಎಳೆಯ ರೆಂಬೆಗಳನ್ನು ಕಡಿದು, ಮುಟ್ಟಿದರೆ ಪುಡಿಯಾಗುವಷ್ಟು ಒಣಗಿಸಿ, ಬಡಿದು, ಕಡ್ಡಿಗಳನ್ನು ಜರಡಿ ಹಿಡಿದು ತೆಗೆದರೆ ಆಯಿತು. ಕಡ್ಡಿ ಉಳಿದಷ್ಟೂ ನಾರು ಹೆಚ್ಚಿ, ಪ್ರೊಟೀನು ಜೀರ್ಣವಾಗದೆ ಸಗಣಿಗೆ ಹೋಗುತ್ತದೆ. ಸೂಬಾಬುಲ್ ಪುಡಿಯನ್ನು ಮೇವಿನ ಹತ್ತನೇ ಒಂದು ಪಾಲು ಮೀರಿಸದಿರುವುದು ಕ್ಷೇಮ. ಗಬ್ಬದ ಹಂದಿಗೂ ಹಾಲು ಬಿಟ್ಟ ಮರಿಗೂ ಅದನ್ನು ಹಾಕದಿರುವುದೇ ಲೇಸು.